ಅರಿವಳಿಕೆಗೆ ಮುಂಚಿನ ಪ್ರಶ್ನೆ

ಗಂಡನ ಬ್ಯಾಂಕಿನ ವರ್ಗಾವಣೆ ನನ್ನನ್ನು ಧಾರವಾಡದಿಂದ ವಡೋದರಾಕ್ಕೆ ತಂದು ಹಾಕಿತು. ಮಕರಪುರದ ಹತ್ತಿರದ ಒಂದು ಆಸ್ಪತ್ರೆಯಲ್ಲಿ ನಾನು ಅರಿವಳಿಕೆ ಕೊಡುವ ಡಾಕ್ಟರು. ಆಪರೇಷನ್ನಿಗೆ ಮೊದಲು ರೋಗಿಗಳನ್ನು ಮಾತಾಡಿಸಬೇಕು, ಚಟಗಳನ್ನು ಕೇಳಬೇಕು. ಗಾಂಜಾ ಸೇದುವವರಿಗೆ ಔಷಧದ ಅಳತೆಯೇ ಬೇರೆ. ಅದೇ ದಿನ ಸೇದಿ ಬಂದಿದ್ದರಂತೂ ಎದೆಬಡಿತ ಓಡುತ್ತಿರುತ್ತದೆ, ಅಂಥವರನ್ನು ಮಲಗಿಸುವುದು ಜೀವದ ಜೊತೆ ಆಟ.

ಹಳ್ಳಿಯವರ ಹತ್ತಿರ ನನಗೆ ಬಾಯಿಬಿಡಿಸುವ ತಲೆಬಿಸಿ ಇಲ್ಲ. ಕೇಳುವ ಮೊದಲೇ ಹೇಳುತ್ತಾರೆ. ಸಂಜೆ ಭಜನೆಗೆ ಕೂತರೆ ಚಿಲುಮೆ ಕೈಯಿಂದ ಕೈಗೆ ಬರುತ್ತದೆ, ಪಕ್ಕದವನು ಕೊಟ್ಟದ್ದನ್ನು ಬೇಡ ಅನ್ನುವುದು ಅವರಲ್ಲಿ ಮರ್ಯಾದೆಯಲ್ಲ. ಅದನ್ನು ಮುಚ್ಚಿಡುವುದು ಯಾಕೆ ಎಂದು ಅವರಿಗೆ ಅರ್ಥವೇ ಆಗುವುದಿಲ್ಲ. ಚಾವಣಿ ನೋಡುತ್ತಾ ಗಂಟಲು ಸರಿಮಾಡಿಕೊಳ್ಳುವವರೆಲ್ಲ ಪೇಟೆಯವರು, ಅವರನ್ನು ಕಂಡರೆ ನನಗೆ ಮೈಯೆಲ್ಲ ಉರಿಯುತ್ತದೆ.

ಒಂದು ಬೆಳಿಗ್ಗೆ ಪಿತ್ತಕೋಶದ ಆಪರೇಷನ್ನಿಗೆ ಬಂದವರು ಫತೇಗಂಜ್‌ನಲ್ಲಿ ಹೋಟೆಲು ನಡೆಸುವ ನಮ್ಮ ಕರಾವಳಿಯವರು. ಭಾನುವಾರ ನಾವು ದೋಸೆ ತಿನ್ನುವುದು ಅಲ್ಲಿಯೇ. ನನಗೆ ಖುಷಿಯೋ ಖುಷಿ. ಹೇಗೂ ನಮ್ಮವರು, ಕನ್ನಡದಲ್ಲೇ ಬಾಯಿಬಿಟ್ಟು ಹೇಳುತ್ತಾರೆ ಎಂದುಕೊಂಡು ಕೇಳಿದೆ. ಅವರು ಪಕ್ಕದಲ್ಲಿದ್ದ ಹೆಂಡತಿಯ ಕಡೆ ನೋಡಿದರು.

"ಅಂಥದ್ದೆಲ್ಲ ಎಂತದೂ ಇಲ್ಲ ಡಾಕ್ಟ್ರೇ," ಎಂದರು.

ನಾಡಿ ನೋಡಿದೆ, ಜೋರಾಗಿತ್ತು. ಆಪರೇಷನ್ನಿನ ಹೆದರಿಕೆ ಇರಬೇಕೆಂದುಕೊಂಡು ಪಕ್ಕದ ಮಂಚಕ್ಕೆ ಹೋದೆ. ಅಲ್ಲಿದ್ದವರು ಹರ್ನಿಯಾಕ್ಕೆ ಬಂದಿದ್ದ ಡಭೋಯಿ ಕಡೆಯ ರೈತರು, ಮೊಮ್ಮಕ್ಕಳನ್ನು ಕಂಡ ವಯಸ್ಸು. ಸಾರಾಯಿ ಮುಟ್ಟಿಲ್ಲ, ಗಾಂಜಾ ಉಂಟು, ಇವತ್ತು ಮಾತ್ರ ಇಲ್ಲ ಎಂದು ಇಡೀ ವಾರ್ಡಿಗೆ ಕೇಳಿಸುವ ಹಾಗೆ ಗುಜರಾತಿಯಲ್ಲಿ ವರದಿ ಒಪ್ಪಿಸಿದರು. ಭಜನೆಯಲ್ಲಿ ತಮ್ಮ ದನಿಯೇ ಎಲ್ಲರಿಗಿಂತ ಮೇಲು ಎಂಬುದನ್ನೂ ಸೇರಿಸಿದರು. ಸರಿಯಾಗಿ ನಿದ್ದೆ ಬರಿಸು ತಂಗೀ, ನಡುವೆ ಎದ್ದುಬಿಟ್ಟರೆ ಹಾಡು ಶುರುಮಾಡುತ್ತೇನೆ ಎಂದಾಗ ನರ್ಸುಗಳೆಲ್ಲ ನಕ್ಕರು. ನಾನೂ ನಕ್ಕೆ.

ನಗು ಮುಗಿಯುವಷ್ಟರಲ್ಲಿ ಹಿಂದಿನಿಂದ ಹೋಟೆಲಿನವರ ದನಿ ಕೇಳಿಸಿತು. ನನ್ನ ಹತ್ತಿರ ಯಾವತ್ತೂ ಕನ್ನಡ ಬಿಟ್ಟು ಬೇರೆ ಮಾತಾಡದವರು ಹಿಂದಿಯಲ್ಲಿ ಶುರುಮಾಡಿದ್ದರು.

"ಮೇಡಂ, ಮೈ ಭೀ ಲೇತಾ ಹೂಂ. ಆಜ್ ಸುಬಹ್ ಭೀ ಲಿಯಾ."

ಬೆಳಿಗ್ಗೆ ಹೊರಡುವಾಗ ಹೆದರಿಕೆಗೆಂದು ಹೋಟೆಲಿನ ಹಿತ್ತಲಲ್ಲಿ ಸೇದಿದ್ದರಂತೆ. ಇನ್ನರ್ಧ ಗಂಟೆಯಲ್ಲಿ ಅವರನ್ನು ನಾನೇ ಮಲಗಿಸುವವಳಿದ್ದೆ. ಕನ್ನಡದಲ್ಲಿ ಹೇಳಿದರೆ ಅದು ನಮ್ಮ ಕನ್ನಡ ಸಂಘದ ಊಟದ ಪಂಕ್ತಿಗೆ ಹೋಗುತ್ತದೆ, ಹಿಂದಿಯಲ್ಲಿ ಹೇಳಿದರೆ ಬರೀ ಡಾಕ್ಟರಿಗೆ ಹೇಳಿದಂತೆ ಎಂದು ಅವರ ಲೆಕ್ಕ. ನಮ್ಮವಳಾಗಿದ್ದೇ ನನ್ನ ತಪ್ಪು!

ಹೆಂಡತಿ ಸೆರಗು ಬಾಯಿಗೆ ಹಿಡಿದು ನಗುತ್ತಿದ್ದರು.

"ನಮಗೆಲ್ಲ ಗೊತ್ತುಂಟು ಡಾಕ್ಟ್ರೇ. ನಮಗೆ ಗೊತ್ತುಂಟು ಅಂತ ಇವರಿಗೆ ಮಾತ್ರ ಗೊತ್ತಿಲ್ಲ."

ಆಪರೇಷನ್ ಮುಂದೂಡಿದೆ. ಸರ್ಜನ್ ಗೊಣಗಿದರು, ಗೊಣಗಲಿ. ರೈತರ ಹರ್ನಿಯಾ ಅಂದೇ ಮುಗಿಯಿತು, ನಡುವೆ ಅವರು ಹಾಡಲಿಲ್ಲ. ಕೆಲವು ವಾರ ಕಳೆದು ಹೋಟೆಲಿನವರು ಮತ್ತೆ ಬಂದರು. ಥಿಯೇಟರಿನ ಮೇಜಿನ ಮೇಲೆ ಮಲಗಿದ್ದರು, ಸೂಜಿ ನನ್ನ ಕೈಯಲ್ಲಿತ್ತು. ಅವರಿಗೆ ಸುಲಭವಾಗಲಿ ಎಂದು ಈ ಸಲ ನಾನೇ ಹಿಂದಿಯಲ್ಲಿ ಕೇಳಿದೆ.

"ಕನ್ನಡದಲ್ಲೇ ಕೇಳಿ ಡಾಕ್ಟ್ರೇ. ಆವತ್ತಿಂದ ಮುಟ್ಟಲಿಲ್ಲ," ಎಂದರು.