ದೀಪ ದೊಡ್ಡದು ಮಾಡ್ರಿ

ಮಗಳ ನಿಶ್ಚಯಕ್ಕೆ ಕೊಳಕೂರಿಗೆ ಹೊರಟಿದ್ದೆವು. ಜೇವರ್ಗಿಗೆ ಬರುವಷ್ಟರಲ್ಲಿ ನಮ್ಮ ಹಳೆಯ ಕಾರಿನ ಮುಂದಿನ ಬಲ್ಬ್ ಸುಟ್ಟಿತ್ತು. ಮೈಸೂರು ಕಡೆಯಿಂದ ಹೊಸದಾಗಿ ಬಂದಿದ್ದ ಮೆಕ್ಯಾನಿಕ್ ಬೇರೆ ಸಾದಾ ಬಲ್ಬ್ ಹಾಕಿ, ಉರಿಯಲು ಬಿಟ್ಟು ನೋಡುತ್ತ ನಿಂತ. ನಮ್ಮ ಬ್ಯಾಟರಿ ಮೊದಲೇ ನಿಶ್ಶಕ್ತ. ಅದು ಇಳಿದುಹೋದರೆ ಮುಹೂರ್ತ ತಪ್ಪುತ್ತದೆ. ಆದರೆ ಶುಭಕಾರ್ಯದ ದಿನ ದೀಪ ಆರಿಸು ಎನ್ನಬಾರದು. ಅದಕ್ಕೆ ನಮ್ಮಲ್ಲಿ ದೊಡ್ಡದು ಮಾಡು ಎನ್ನುತ್ತೇವೆ.

“ದೀಪ ದೊಡ್ಡದು ಮಾಡ್ರಿ,” ಎಂದೆ.

“ಇದು ಸಾಲಲ್ವಾ ಸಾರ್?”

“ನಮ್ಮ ಗಡಿಬಿಡಿ ತಿಳಕೋರಿ, ಲಗೂನ ದೊಡ್ಡದು ಮಾಡ್ರಿ.”

ಅವನು ಒಳಗೆ ಹೋಗಿ ಹ್ಯಾಲೊಜನ್ ಬಲ್ಬ್ ತಂದು ಹಾಕಿದ. ಎದುರಿನ ಗೋಡೆ ಹಗಲಾಯಿತು. ನನಗೆ ತಲೆಬುಡ ತಿಳಿಯಲಿಲ್ಲ.

“ದೊಡ್ಡದು ಮಾಡ್ರಿ ಅಂದ್ರ ಹಿಂಗ್ಯಾಕ ಮಾಡಿದ್ರಿ?”

“ಇದಕ್ಕಿಂತ ದೊಡ್ಡದು ಜೇವರ್ಗೀಲೇ ಇಲ್ಲ ಸಾರ್!”

ಹಿಂದಿನ ಸೀಟಿನಿಂದ ನಮ್ಮ ಮನೆಯಾಕೆ ಕೂಗಿದಳು: “ಲೈಟ್ ಬಂದ್ ಮಾಡೋ ತಮ್ಮಾ!”

ಅವನು ತಕ್ಷಣ ಬಂದ್ ಮಾಡಿದ. ಕಾರು ಕೆಮ್ಮಿ ಕೆಮ್ಮಿ ಚಾಲೂ ಆಯಿತು.

“ಇವತ್ತ ಅಂಥಾ ಮಾತು ಅನ್ನಬಹುದೇನ?” ಎಂದೆ.

“ಉರ್ದು ಮಾತಿಗಿ ಅಪಶಕುನ ಇರೂದಿಲ್ರಿ,” ಎಂದಳು.

ಅದು ಸರಿಯೋ ತಪ್ಪೋ ನನಗಿನ್ನೂ ತಿಳಿದಿಲ್ಲ. ಮಠದ ಅಯ್ಯನವರನ್ನು ಕೇಳೋಣವೆಂದರೆ, ಅವರೂ ಲೈಟ್ ಬಂದ್ ಮಾಡು ಎನ್ನುವವರೇ.