ಕೂರಲಾಗದ ಚನ್ನೇಶ್

ನನ್ನ ಗಂಡ ಚನ್ನೇಶ್ ಒಂದು ಕಡೆ ಕೂರುವ ಆಸಾಮಿಯೇ ಅಲ್ಲ. ಊಟಕ್ಕೆ ಕೂತರೆ ಎರಡು ತುತ್ತಿಗೊಮ್ಮೆ ಮಂಡಿ ಬದಲಿಸುತ್ತಾರೆ. ಮದುವೆಮನೆಯಲ್ಲಿ ಕುರ್ಚಿ ಬಿಟ್ಟು ಕಂಬ ಸುತ್ತುತ್ತಾರೆ. ಬೆಳಗಿನ ಜಾವ ನಾಲ್ಕಕ್ಕೇ ಎದ್ದು ಅಂಗಳದಲ್ಲಿ ಓಡಾಟ. ಮದುವೆಯಾದ ಹೊಸದರಲ್ಲಿ ನನಗೆ ಮೈಯೆಲ್ಲ ಉರಿದುಹೋಗುತ್ತಿತ್ತು.

"ಏನ್ರೀ ಇದು, ಕಾಲಿಗೆ ಚಕ್ರ ಕಟ್ಕೊಂಡು ಹುಟ್ಟಿದೀರಾ?"

"ಮಲಗಿದ್ರೆ ಬೆನ್ನು ಹಿಡ್ಕೊಳ್ಳತ್ತೆ ಕಣೇ ಸರ್ವೀ. ಓಡಾಡಿದ್ರೆ ಸ್ವಲ್ಪ ಬಿಡತ್ತೆ."

ನಾನು ನಂಬಲಿಲ್ಲ. ಮಲಗಿದರೆ ನೋಯುವ ಬೆನ್ನು ಯಾರಿಗಾದರೂ ಇರುತ್ತದೆಯೇ? ಅದೂ ಇಪ್ಪತ್ತೆಂಟರ ಗಂಡಸಿಗೆ! ಅಂಗಡಿ ತಪ್ಪಿಸಿಕೊಳ್ಳುವ ನೆಪ ಎಂದುಕೊಂಡೆ.

ಶಿಕಾರಿಪುರದ ಪೇಟೆಯಲ್ಲಿ ನಮ್ಮದು ಬಟ್ಟೆ ಅಂಗಡಿ. ಮಾವ ಮಲ್ಲಿಕಾರ್ಜುನಪ್ಪನವರು ಯಜಮಾನರು. ಅಕ್ಕಪಕ್ಕವೆಲ್ಲ ಗಾಜಿನ ಬಾಗಿಲು ಬಂದರೂ ನಮ್ಮಲ್ಲಿ ಇನ್ನೂ ನೆಲದ ಮೇಲೆ ಗಾದಿ, ಅದಕ್ಕೆ ಬಿಳಿ ಹೊದಿಕೆ. ವಿಭೂತಿ ಹಚ್ಚಿಕೊಂಡು ಗಾದಿ ಏರಿದವರು ಮಧ್ಯಾಹ್ನದ ಊಟದವರೆಗೆ ಏಳುವಂತಿಲ್ಲ. ಸೀರೆ ಬೇಕಾದರೆ ಆಳು ತಂದು ಮುಂದೆ ಹಾಕಬೇಕು. ಯಜಮಾನ ಎದ್ದರೆ ವ್ಯಾಪಾರವೂ ಎದ್ದು ಹೋಗುತ್ತದೆ ಎಂಬುದು ಮಾವನ ತಂದೆಯ ಕಾಲದ ಕಟ್ಟಳೆ. ಚನ್ನೇಶ್ ಗಂಟೆಗೆ ನಾಲ್ಕು ಸಲ ಏಳುತ್ತಿದ್ದರು. ಒಂದು ದಿನ ಗಿರಾಕಿಗಳ ಎದುರೇ ಮಾವ ಗದರಿದರು.

"ಲೇ, ಇನ್ನೊಂದ್ಸಲ ಎದ್ರೆ ಮತ್ತೆ ಗಾದಿ ಹತ್ಬ್ಯಾಡ. ಅಂಗಡಿ ನಿನ್ನ ತಮ್ಮಗ ಕೊಡ್ತೀನಿ."

ಅವತ್ತಿನಿಂದ ಚನ್ನೇಶ್ ಹಲ್ಲು ಕಚ್ಚಿ ಕೂತರು. ಎರಡು ತಿಂಗಳಲ್ಲಿ, ಬೆಳಗ್ಗೆ ಪಕ್ಕಕ್ಕೆ ಹೊರಳಿ ಗೋಡೆ ಹಿಡಿಯದೆ ಹಾಸಿಗೆಯಿಂದ ಏಳಲಾಗದಂತಾಯಿತು. ಅವರ ಮುಖ ನೋಡಿದ ಮೇಲೆ ನಂಬಿದೆ. ನೆಪವಲ್ಲ, ನಿಜವಾದ ನೋವು. ಸೊರಬದ ಕುಪ್ಪಗಡ್ಡೆಯಲ್ಲಿರುವ ನನ್ನಮ್ಮ ವನಜಮ್ಮನಿಗೆ ಫೋನ್ ಮಾಡಿದೆ.

"ಸೊಂಟ ಬಿದ್ದೋಗಿದೆ ಮಾರಾಯ್ತಿ. ಬಾಣಂತಿ ಆರೈಕೆ ಮಾಡು. ಇಪ್ಪತ್ತೊಂದು ದಿನ ಏಳಕ್ಕೆ ಬಿಡ್ಬೇಡ."

ಮಾರನೆಯ ದಿನವೇ ಬಸ್ಸಿನಲ್ಲಿ ಎಣ್ಣೆ ಬಂತು. ಸರಿ, ನನ್ನ ಗಂಡ ಬಾಣಂತಿಯಾದರು! ಮೈಗೆ ಎಣ್ಣೆ, ಹಂಡೆ ತುಂಬ ಬಿಸಿನೀರು, ತಲೆಗೆ ಬಟ್ಟೆ, ಹಲಗೆಯ ಮಂಚ. "ಕೂಸು ಎಲ್ಲವ್ವ?" ಎಂದು ಓಣಿಯ ಹೆಂಗಸರು ಕಿಚಾಯಿಸಿದರು. ಬಿಸಿನೀರು ಬಿದ್ದಾಗ ಅರ್ಧ ಗಂಟೆ ಹಗುರ, ಮಲಗಿಸಿದರೆ ಮತ್ತೆ ನರಳಾಟ. "ಹತ್ತೇ ಹೆಜ್ಜೆ ನಡೀತೀನಿ, ಬಿಡೇ" ಎಂದು ಅಂಗಲಾಚಿದರು. ನಾನು ಹೊರಗಿನಿಂದ ಚಿಲಕ ಹಾಕಿದೆ. ಪಾಪಿ ನಾನು, ಇವತ್ತಿಗೂ ಅದನ್ನು ನೆನೆದರೆ ನನ್ನ ಮೇಲೇ ಸಿಟ್ಟು ಬರುತ್ತದೆ.

ಹತ್ತನೆಯ ದಿನ ಅವರ ಒಂದು ಕಣ್ಣು ಕೆಂಡದಂತೆ ಕೆಂಪಾಯಿತು, ಬೆಳಕು ನೋಡಲಾಗಲಿಲ್ಲ. ಓಡಿದೆವು. ಕಣ್ಣಿನ ಡಾಕ್ಟರು ಔಷಧಿ ಕೊಟ್ಟು, ಬೆನ್ನಿನ ಕಥೆಯನ್ನೂ ಕೇಳಿ, ಶಿವಮೊಗ್ಗದ ಕೀಲುರೋಗದ ಡಾಕ್ಟರಮ್ಮನ ಹತ್ತಿರ ಕಳಿಸಿದರು. ಮಾವನೂ ಜೊತೆಗೆ ಬಂದರು.

ಡಾಕ್ಟರಮ್ಮ ಎಕ್ಸ್‌ರೇ ಬೆಳಕಿಗೆ ಹಿಡಿದರು. ಬೆನ್ನುಮೂಳೆ ಸೊಂಟದ ಮೂಳೆಗೆ ಸೇರುವ ಕೀಲುಗಳಲ್ಲಿ ಉರಿಯೂತವಂತೆ. ಕಣ್ಣು ಕೆಂಪಾದದ್ದೂ ಅದರದೇ ಕಾಟ. ಹೀಗೇ ಬಿಟ್ಟರೆ ಬೆನ್ನಿನ ಮೂಳೆಗಳು ಒಂದಕ್ಕೊಂದು ಬೆಸೆದುಕೊಂಡು ಬೆನ್ನು ಕೋಲಾಗಿಬಿಡಬಹುದಂತೆ. ಕಾಯಿಲೆಯ ಉದ್ದದ ಹೆಸರು ನನ್ನ ನಾಲಿಗೆಗೆ ಇನ್ನೂ ಹತ್ತಿಲ್ಲ.

"ಔಷಧಿ ಕೊಡ್ತೀನಿ. ಆದ್ರೆ ಇವರು ಒಂದೇ ಕಡೆ ಕೂರಬಾರದು, ಸುಮ್ಮನೆ ಮಲಗಬಾರದು. ಓಡಾಡಬೇಕು. ಮಲಗಿಸಿದ್ದು ಯಾರು?"

"ನಾನೇ" ಎಂದೆ.

"ಮನೇಲಿ ಬೇರೆ ಯಾರಿಗಾದ್ರೂ ಹೀಗಿದೆಯಾ?"

"ನಮ್ಮ ವಂಶದಾಗ ಇಂಥದ್ದಿಲ್ರೀ" ಎಂದರು ಮಾವ, ಕುರ್ಚಿಯಲ್ಲಿ ಇಡೀ ಮೈಯನ್ನು ಡಾಕ್ಟರಮ್ಮನತ್ತ ಹೊರಳಿಸಿ.

ಡಾಕ್ಟರಮ್ಮ ಅವರನ್ನೇ ನೋಡಿದರು. "ಯಜಮಾನ್ರೇ, ಬರೀ ಕತ್ತು ತಿರುಗಿಸಿ ಬಾಗಿಲು ನೋಡಿ."

ಮಾವನ ಕಣ್ಣುಗಳು ತಿರುಗಿದವು, ಕತ್ತು ತಿರುಗಲಿಲ್ಲ. ಪೇಟೆಯವರೆಲ್ಲ ಅದನ್ನು ಮಲ್ಲಿಕಾರ್ಜುನಪ್ಪನ ಗತ್ತು ಎನ್ನುತ್ತಿದ್ದರು. ಯಾರನ್ನೂ ತಲೆ ತಿರುಗಿಸಿ ನೋಡದ ಮನುಷ್ಯ ಎಂದು ನಾನೂ ಹೆದರಿಕೊಂಡಿದ್ದೆ.

"ಇಪ್ಪತ್ತೈದಕ್ಕ ಶುರು ಆತ್ರೀ" ಎಂದರು ಮಾವ ಮೆಲ್ಲಗೆ. "ಎದ್ರೆ ನಮ್ಮಪ್ಪ ಬೈತಿದ್ದ. ಕೂತೆ. ಕೂತು ಕೂತು ನೋವೂ ನಿಂತು, ಬಗ್ಗೋದೂ ನಿಂತುಹೋತು."

"ನಿಮ್ಮದು ಬೆಸೆದಾಗಿದೆ. ಮಗನದು ಇನ್ನೂ ತಡವಾಗಿಲ್ಲ."

ವಾರ ಕಳೆದು ಚನ್ನೇಶ್ ಅಂಗಡಿಗೆ ಹೊರಟಾಗ ನನಗೆ ಮನೆಯಲ್ಲಿ ನಿಲ್ಲಲಾಗದೆ ನಾನೂ ಹೋದೆ. ಅಂಗಡಿ ತುಂಬ ಗಿರಾಕಿಗಳು. ಇಪ್ಪತ್ತು ನಿಮಿಷಕ್ಕೇ ಇವರ ಮುಖ ಬಿಗಿದುಕೊಂಡಿತು. ಆದರೂ ಏಳಲು ಧೈರ್ಯವಿಲ್ಲ. ನಾನು ಬಾಯಿಬಿಟ್ಟು ಜಗಳ ತೆಗೆಯಲು ಸಿದ್ಧಳಾದೆ.

"ಏಳೋ ಚನ್ನಾ" ಎಂದರು ಮಾವ, ಎಲ್ಲರಿಗೂ ಕೇಳುವಂತೆ. "ನಂಗ ಯಾರೂ ಏಳು ಅನ್ಲಿಲ್ಲ. ನೀ ಏಳು."

ಚನ್ನೇಶ್ ಎದ್ದು ಅಂಗಡಿಯ ಹಿಂದಿನ ಗೋದಾಮಿನ ಕಡೆ ನಡೆದರು. ಮಾವ ಬೀದಿಗೆ ಮುಖ ಮಾಡಿಯೇ ಕೂತಿದ್ದರು.

"ಹೆಂಗ ನಡಿಯಾಕತ್ತಾನವ್ವ?" ಎಂದು ನನ್ನನ್ನು ಕೇಳಿದರು.