ಬಾಗಿಲಮ್ಮನ ಬಾಗಿಲು

ಬೆಳಗಿನ ಐದೂವರೆ. ಚರ್ಚಿನ ದೊಡ್ಡ ಬಾಗಿಲಿಗೆ ಸೊಂಟ ಆನಿಸಿ, ಜೋತುಬಿದ್ದ ಎಡ ಹಲಗೆಯನ್ನು ಕೊಂಚ ಮೇಲೆತ್ತಿ, "ಏಳೇ ಸೋಮಾರಿ" ಎಂದು ಗದರುತ್ತಾ ಬೀಗದ ಕೈ ತಿರುಗಿಸುತ್ತಾರೆ ಅರವತ್ತೊಂದರ ಈ ಹೆಂಗಸು. ಬಾಗಿಲು ನರಳಿಕೊಂಡು ತೆರೆಯುತ್ತದೆ. ಸಭೆಯವರೆಲ್ಲ ಇವರನ್ನು ಕರೆಯುವುದು ಬಾಗಿಲಮ್ಮ ಎಂದೇ. ಈ ಕಟ್ಟಡದಲ್ಲಿ ಇವತ್ತು ಕೊನೆಯ ಆರಾಧನೆ. ಮುಂದಿನ ಭಾನುವಾರದಿಂದ ಸಭೆ ಎರಡು ಬೀದಿ ಆಚೆಯ ಹೊಸ ಕಟ್ಟಡಕ್ಕೆ ಹೋಗುತ್ತದೆ.

ಇಪ್ಪತ್ತಾರು ವರ್ಷದಿಂದ ಇವರ ಕೆಲಸ ಬದಲಾಗಿಲ್ಲ. ನಲವತ್ತೆರಡು ಬೆಂಚುಗಳನ್ನು ಒದ್ದೆ ಬಟ್ಟೆಯಲ್ಲೊಮ್ಮೆ, ಒಣ ಬಟ್ಟೆಯಲ್ಲೊಮ್ಮೆ ಒರೆಸಬೇಕು. ಆಮೇಲೆ ಹನ್ನೊಂದು ಕಿಟಕಿ. ನೆಲಕ್ಕೆ ಬಿದ್ದ ಮೇಣವನ್ನು ಹಳೆಯ ಚಮಚದಿಂದ ಕೆರೆಯಬೇಕು. ಗಂಡ ತೀರಿಕೊಂಡ ವಾರವೂ ತಪ್ಪಿಸಿಲ್ಲ. "ಒಂದೊಂದು ಬೆಂಚಿನ ಮೇಲೂ ಒಂದಿಷ್ಟು ಅತ್ತೆ. ಒದ್ದೆ ಬಟ್ಟೆ ಕೆಲಸ ಉಳೀತು" ಎಂದು ನಗುತ್ತಾರೆ.

ಇವರ ಬಗ್ಗೆ ಪತ್ರಿಕೆಗೆ ಬರೆಯಲು ಬಂದ ನಾನು ಹೊಸ ಕಟ್ಟಡದ ಮಾತೆತ್ತಿದರೆ ಮಾತ್ರ ಮುಖ ಗಂಟಾಗುತ್ತದೆ. "ಆ ಸವತಿ ಸುದ್ದಿ ತೆಗೀಬೇಡಪ್ಪಾ." ಇವರ ಮಂಡಿ ನೋವಿನ ನೆಪ ಹೇಳಿ ಸಭೆಯವರು ಅಲ್ಲಿನ ಕೆಲಸವನ್ನು ಇವರ ಓರಗಿತ್ತಿಗೆ, ಅಂದರೆ ಮೈದುನನ ಹೆಂಡತಿಗೆ ಕೊಟ್ಟಿದ್ದಾರೆ. ಇವತ್ತು ಆಕೆಯೂ ಇಲ್ಲಿ ಕೈನೆರವಿಗೆ ಬಂದಿದ್ದಾಳೆ.

"ಅಕ್ಕಾ, ಅಲ್ಲಿ ಗಾಜಿನ ಬಾಗಿಲು. ಹತ್ರ ಹೋದ್ರೆ ಸಾಕು, ತಾನೇ ತೆರ್ಕೊಳ್ಳುತ್ತೆ."

"ಕಂಡಕಂಡೋರಿಗೆಲ್ಲ ತೆರ್ಕೊಳ್ಳೋದೂ ಒಂದು ಬಾಗಿಲೇನೇ?"

ಓರಗಿತ್ತಿ ಬಕೆಟ್ ಎತ್ತಿಕೊಂಡು ಜಾಗ ಖಾಲಿ ಮಾಡುತ್ತಾಳೆ. ಬಾಗಿಲಮ್ಮ ನನ್ನ ಕಡೆ ತಿರುಗುತ್ತಾರೆ. "ಹೊಟ್ಟೆಕಿಚ್ಚು ಕಣಪ್ಪಾ. ಚರ್ಚಲ್ಲಿ ನಿಂತು ಸುಳ್ಳ್ಯಾಕೆ ಹೇಳ್ಲಿ? ಕೊನೇ ಸಲ ಬೀಗ ನಾನು ಹಾಕ್ತೀನಿ ಅಂತ ಕೇಳ್ದೆ, ಅಷ್ಟೇ. ಕಾರ್ಯಕ್ರಮ ಆಗ್ಲೇ ಅಚ್ಚಾಗಿದೆ ಅಂದ್ರು."

ಆ ಅಚ್ಚಾದ ಹಾಳೆ ನನ್ನ ಕೈಯಲ್ಲಿದೆ. ವಂದನಾರ್ಪಣೆಯಲ್ಲಿ ಹದಿನಾಲ್ಕು ಹೆಸರುಗಳಿವೆ. ಹೊಸ ಕಟ್ಟಡಕ್ಕೆ ಬಣ್ಣ ಬಳಿದ ಗುತ್ತಿಗೆದಾರನದೂ ಇದೆ. ಇವರದಿಲ್ಲ. ಅಚ್ಚು ಹಾಕಿಸಿದವರಿಗೆ ನಾಚಿಕೆಯಾಗಬೇಕು.

ಹನ್ನೊಂದಕ್ಕೆ ಆರಾಧನೆ ಮುಗಿಯುತ್ತದೆ. ಜನ ಕಣ್ಣೊರೆಸಿಕೊಳ್ಳುತ್ತಾ ಅಂಗಳದಲ್ಲಿ ನಿಲ್ಲುತ್ತಾರೆ. ಸಭೆಯ ಹಿರಿಯರು ಬಾಗಿಲೆಳೆದು, ಗಂಭೀರವಾಗಿ ಬೀಗದ ಕೈ ತಿರುಗಿಸುತ್ತಾರೆ. ಬೀಗ ಕೂರುವುದಿಲ್ಲ. ಮತ್ತೆ ತಿರುಗಿಸುತ್ತಾರೆ. ಇಲ್ಲ. ಇಬ್ಬರು ಗಂಡಸರು ಬಾಗಿಲನ್ನು ನೂಕುತ್ತಾರೆ. ಹಾಡುವವರು ಅದೇ ಹಾಡನ್ನು ಮೂರನೇ ಸಲ ಶುರುಮಾಡುತ್ತಾರೆ. ಹಿರಿಯರ ಕತ್ತು ಬೆವರಿದೆ.

ಬಾಗಿಲಮ್ಮ ಹಿಂದಿನ ಸಾಲಿನಲ್ಲಿ ಕೈಕಟ್ಟಿ ನಿಂತಿದ್ದಾರೆ. "ತಿರುಗಿಸ್ಲಿ, ಅಚ್ಚಾಗಿದೆಯಲ್ಲ" ಎನ್ನುತ್ತಾರೆ ಮೆಲ್ಲಗೆ.

ಕೊನೆಗೆ ಬಾಯಿಬಿಟ್ಟವಳು ಓರಗಿತ್ತಿ. "ನಮ್ಮಕ್ಕನ್ನ ಕರೀರಿ! ಆ ಬಾಗಿಲು ಅವಳ ಮಾತು ಬಿಟ್ರೆ ಯಾರ ಮಾತೂ ಕೇಳಲ್ಲ."

ಜನ ದಾರಿ ಬಿಡುತ್ತಾರೆ. ಬಾಗಿಲಮ್ಮ ಸೊಂಟ ಕೊಟ್ಟು ಹಲಗೆ ಎತ್ತುತ್ತಾರೆ. ಈ ಸಲ ಗದರುವುದಿಲ್ಲ. "ಮಲಕ್ಕೋ" ಎನ್ನುತ್ತಾರೆ. ಬೀಗ ಕಟಕ್ಕೆಂದು ಕೂರುತ್ತದೆ. ಬೀಗದ ಕೈಯನ್ನು ಸೆರಗಿನಲ್ಲಿ ಒರೆಸಿ ಹಿರಿಯರ ಅಂಗೈಯಲ್ಲಿ ಇಡುತ್ತಾರೆ.

ಇನ್ನೇನು ಆಸೆ ಎಂದು ಕೇಳಿದೆ.

"ಹೊಸದಕ್ಕೂ ವಯಸ್ಸಾಗುತ್ತಲ್ಲಪ್ಪಾ. ಅಲ್ಲೂ ಒಂದು ಬಾಗಿಲು ಜೋತು ಬಿದ್ದೇ ಬೀಳುತ್ತೆ" ಎಂದರು, ಓರಗಿತ್ತಿಯತ್ತ ಓರೆಗಣ್ಣು ಹಾಯಿಸಿ. "ಆಗ ನನ್ನ ಕರೀಲಿ, ಸಾಕು."